ನಿವೃತ್ತಿಗೆ ತಕ್ಕ ವಯಸ್ಸು ಯಾವುದು?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಅರವತ್ತು ತುಂಬಿದಾಗ ಷಷ್ಟ್ಯಬ್ದಿ ಶಾಂತಿ ಮಾಡಿಸುತ್ತಾರೆ. ಅದೇ ವಯಸ್ಸಿಗೆ ಸರ್ಕಾರವೂ ತನ್ನ ನೌಕರರನ್ನು ಸನ್ಮಾನಿಸಿ ಮನೆಗೆ ಕಳುಹಿಸುತ್ತದೆ. ಹೀಗಾಗಿ ಈ ಸಂಖ್ಯೆಯನ್ನು ಪ್ರಕೃತಿಯೇ ಮನುಷ್ಯನ ಮೈಯಲ್ಲಿ ಬರೆದಿಟ್ಟಿದೆಯೋ ಎಂಬಂತೆ ತೋರುತ್ತದೆ. ಇದು ನಿಜವೆ? ದುಡಿಮೆಯನ್ನು ಯಾವಾಗ ಬಿಡಬೇಕು, ಬಿಟ್ಟ ಮೇಲೆ ಹೇಗೆ ಸುಖವಾಗಿರಬೇಕು ಎಂಬ ಪ್ರಶ್ನೆಗಳಿಗೆ ವಿಜ್ಞಾನವು ಏನಾದರೂ ಉತ್ತರ ಕೊಡಬಲ್ಲದೆ? ವಿದ್ಯಾರ್ಥಿಗಳಿಗೆ ಇದು ತಮ್ಮ ಅಜ್ಜಂದಿರ ವಿಷಯವೆನ್ನಿಸಬಹುದು. ಆದರೆ ಈ ಲೆಕ್ಕದ ಮುಖ್ಯ ಅಂಕಿಗಳು ಇಪ್ಪತ್ತರ ಹರೆಯದಲ್ಲಿಯೇ ಬೀಳುತ್ತವೆ ಎಂಬುದನ್ನು ಮುಂದೆ ಕಾಣುವೆವು.

ಮೊದಲು ಈ ಸಂಖ್ಯೆ ಎಲ್ಲಿಂದ ಬಂತೆಂಬುದನ್ನು ನೋಡೋಣ. ಮುದುಕರಾದ ಕಾರ್ಮಿಕರಿಗೆ ವಿಶ್ರಾಂತಿ ವೇತನ ಕೊಡುವ ಶಾಸನವನ್ನು ಜರ್ಮನಿ 1889ರಲ್ಲಿ, ಬಿಸ್ಮಾರ್ಕನ ಅಧಿಕಾರಾವಧಿಯಲ್ಲಿ, ಮಾಡಿತು. ಅದರಲ್ಲಿ ಗೊತ್ತುಮಾಡಿದ ವಯಸ್ಸು 70. ಅದನ್ನು 65ಕ್ಕೆ ಇಳಿಸಿದುದು 1916ರಲ್ಲಿ. ಬಿಸ್ಮಾರ್ಕನು ತನ್ನ ವಯಸ್ಸನ್ನೇ ನೋಡಿಕೊಂಡು 65 ಎಂದು ಬರೆಸಿದನೆಂಬ ಕಥೆಯೊಂದು ಪ್ರಚಾರದಲ್ಲಿದೆ. 1815ರಲ್ಲಿ ಹುಟ್ಟಿದ ಆತನಿಗೆ ಆಗ 74 ನಡೆಯುತ್ತಿತ್ತೆಂಬುದನ್ನು ನೆನೆದರೆ ಕಥೆ ಅಲ್ಲಿಗೆ ಮುಗಿಯಿತು. ಅಮೆರಿಕವು 1935ರ ತನ್ನ ಶಾಸನದಲ್ಲಿ 65ನ್ನು ಆರಿಸಿಕೊಂಡಿತು. ನಮ್ಮ ಕೇಂದ್ರ ಸರ್ಕಾರದ ನೌಕರರ ನಿವೃತ್ತಿ ವಯಸ್ಸು ಮೊದಲು 55 ಆಗಿತ್ತು. 1962ರಲ್ಲಿ 58 ಆಯಿತು, 1998ರಲ್ಲಿ 60 ಆಯಿತು. ಕರ್ನಾಟಕ ಸರ್ಕಾರವು 58ರಿಂದ 60ಕ್ಕೆ ಏರಿಸಿದುದು 2008ರಲ್ಲಿ. ನಮ್ಮ ಸಂವಿಧಾನದಂತೆ ಉಚ್ಚ ನ್ಯಾಯಾಲಯದ ನ್ಯಾಯಾಧೀಶರು 62ಕ್ಕೂ ಸರ್ವೋಚ್ಚ ನ್ಯಾಯಾಲಯದವರು 65ಕ್ಕೂ ನಿವೃತ್ತರಾಗುತ್ತಾರೆ. ಉಚ್ಚ ನ್ಯಾಯಾಲಯದಲ್ಲಿ ಕುಳಿತವರಿಗೆ ಮೂರು ವರ್ಷ ಮುಂಚಿತವಾಗಿ ಮುಪ್ಪು ಬರುತ್ತದೆಂದು ಯಾರೂ ಹೇಳಲಾರರಷ್ಟೆ! ಈ ಗೆರೆಗಳೆಲ್ಲ ಆಡಳಿತದ ಅನುಕೂಲ, ಬೊಕ್ಕಸದ ಶಕ್ತಿ, ತರುಣರಿಗೆ ಕೆಲಸ ಒದಗಿಸುವ ಅಗತ್ಯ ಇವುಗಳನ್ನು ನೋಡಿ ಎಳೆದವು. ದೇಹವನ್ನು ಪರೀಕ್ಷಿಸಿ ಎಳೆದವಲ್ಲ.

ಹಾಗಾದರೆ ದೇಹವು ಏನು ಹೇಳುತ್ತದೆ? ಇದಕ್ಕೆ ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಮನೆಯವರಿಗೆ ಒಬ್ಬೊಬ್ಬರಿಗೇ ವೃತ್ತಪತ್ರಿಕೆಯನ್ನು ಕೊಟ್ಟು, ಒಂದು ಕಣ್ಣನ್ನು ಮುಚ್ಚಿ, ಅಕ್ಷರಗಳು ಮಸುಕಾಗುವವರೆಗೆ ಮುಖದ ಹತ್ತಿರಕ್ಕೆ ತರುವಂತೆ ಹೇಳಿರಿ. ಓದಲು ಬರುವ ಅತಿ ಸಮೀಪದ ದೂರವನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿರಿ. ದೂರದ ವಸ್ತುಗಳನ್ನು ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವವರನ್ನೇ ಇದಕ್ಕೆ ಆರಿಸಿಕೊಳ್ಳಬೇಕು. ಹತ್ತು ವರ್ಷದ ಹುಡುಗನಿಗೆ ಇದು ಸುಮಾರು 7–8 ಸೆಂಟಿಮೀಟರ್ ಇದ್ದರೆ, ನಲವತ್ತರ ತಂದೆಗೆ 20 ಸೆಂಟಿಮೀಟರನ್ನು ದಾಟಿರುತ್ತದೆ. ಅರವತ್ತರ ಅಜ್ಜನಿಗೆ ತೋಳನ್ನು ಪೂರ್ತಿ ಚಾಚಿದರೂ ಸಾಲದೆ ಹೋಗಬಹುದು. ಕಣ್ಣಿನ ಮಸೂರವು ಕ್ರಮವಾಗಿ ಗಡುಸಾಗುತ್ತ ಬರುವುದೇ ಇದಕ್ಕೆ ಕಾರಣ. ಈ ಗಡುಸುತನ ಅರವತ್ತರಲ್ಲಿ ಒಮ್ಮೆಗೇ ಬರುವುದಿಲ್ಲ, ಬಾಲ್ಯದಿಂದಲೇ ನಡೆದುಬಂದಿರುತ್ತದೆ. ಹೃದಯದ ರೀತಿಯೂ ಇಂಥದೇ. ನಿಮಿಷಕ್ಕೆ ಅದು ಹೆಚ್ಚೆಂದರೆ ಎಷ್ಟು ಸಲ ಬಡಿಯಬಲ್ಲದೆಂಬುದನ್ನು ತಿಳಿಯಲು 220ರಿಂದ ವಯಸ್ಸನ್ನು ಕಳೆಯುವ ಸ್ಥೂಲವಾದ ಸೂತ್ರವಿದೆ. ಇದರಂತೆ ಇಪ್ಪತ್ತಕ್ಕೆ 200, ಅರವತ್ತಕ್ಕೆ 160.

ಬುದ್ಧಿಯ ಸಂಗತಿ ಬೇರೆ. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಚುರುಕು ಯೌವನದಲ್ಲೇ ಶಿಖರವನ್ನು ಮುಟ್ಟುತ್ತದೆ. ಶಬ್ದಸಂಪತ್ತು, ಕೂಡಿಟ್ಟ ಜ್ಞಾನ ಇವು ಬಹುಕಾಲ ಬೆಳೆಯುತ್ತಲೇ ಇರುತ್ತವೆ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಷಾಯ್ ಎಂಬ ಮನಶ್ಶಾಸ್ತ್ರಜ್ಞರು 1956ರಲ್ಲಿ ಒಂದು ಅಧ್ಯಯನವನ್ನು ಆರಂಭಿಸಿ, ಅದೇ ಜನರನ್ನು ಏಳೇಳು ವರ್ಷಗಳಿಗೊಮ್ಮೆ ಪರೀಕ್ಷಿಸುತ್ತ ಬಂದರು. ಅದೇ ಜನರನ್ನು ಏಕೆ? ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಒಂದೇ ದಿನ ಪರೀಕ್ಷಿಸಿದರೆ, ಮುದುಕರಿಗೆ ಬಾಲ್ಯದಲ್ಲಿ ದೊರೆತ ಕಡಮೆ ಶಿಕ್ಷಣವು ಮುಪ್ಪಿನ ದೋಷವಾಗಿ ಕಂಡುಬಿಡುತ್ತದೆ. ಈ ಎಚ್ಚರಿಕೆಯಿಂದ ನೋಡಿದಾಗ, ಹೆಚ್ಚಿನ ಶಕ್ತಿಗಳ ಸರಾಸರಿ ಇಳಿತವು ಅರವತ್ತರ ಅನಂತರವೇ ಗಮನಕ್ಕೆ ಬರುವಂಥದೆಂದೂ ವ್ಯಕ್ತಿ ವ್ಯಕ್ತಿಗೆ ಅಂತರ ಬಹಳವೆಂದೂ ತಿಳಿದುಬಂತು. ಆದಕಾರಣ ಮೂಟೆ ಹೊರುವವನಿಗೂ ಪಾಠ ಹೇಳುವವನಿಗೂ ಒಂದೇ ನಿವೃತ್ತಿ ವಯಸ್ಸನ್ನು ದೇಹಶಾಸ್ತ್ರ ಸಮರ್ಥಿಸುವುದಿಲ್ಲ. ಹಮಾಲಿಗೆ ಐವತ್ತಕ್ಕೇ ಬೆನ್ನು ಸೋತಿರಬಹುದು. ಅಧ್ಯಾಪಕನ ಪಾಠ ಆಗತಾನೆ ಪಕ್ವವಾಗುತ್ತಿರಬಹುದು.

ಇನ್ನು ಆಯುಸ್ಸಿನ ಲೆಕ್ಕ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷವಿತ್ತು. ಈಗ ಅದು 70ರ ಆಸುಪಾಸಿನಲ್ಲಿದೆ. ಆಗ ಜನರು ಮೂವತ್ತೆರಡಕ್ಕೇ ಮುದುಕರಾಗಿ ಸಾಯುತ್ತಿದ್ದರೆಂದು ಇದರ ಅರ್ಥವಲ್ಲ. ಹತ್ತು ಶಿಶುಗಳಲ್ಲಿ ಮೂರು ಹುಟ್ಟಿದೊಡನೆ ತೀರಿಕೊಂಡು, ಉಳಿದ ಏಳು ಮಂದಿ ಸರಿಯಾಗಿ 60 ವರ್ಷ ಬದುಕಿದರೆನ್ನೋಣ. ಒಟ್ಟು 420 ವರ್ಷ. ಹತ್ತರಿಂದ ಭಾಗಿಸಿದರೆ ಸರಾಸರಿ 42. ಆದರೆ ಆ ಹತ್ತು ಜನರಲ್ಲಿ ನಲವತ್ತೆರಡಕ್ಕೆ ಸತ್ತವನು ಒಬ್ಬನೂ ಇಲ್ಲ! ಆದ್ದರಿಂದ ನಿವೃತ್ತನಾಗುವವನು ಕೇಳಬೇಕಾದುದು ಹುಟ್ಟಿದಾಗಿನ ಸರಾಸರಿಯನ್ನಲ್ಲ, ಅರವತ್ತನ್ನು ಮುಟ್ಟಿದವರಿಗೆ ಇನ್ನೆಷ್ಟು ಉಳಿದಿದೆ ಎಂಬುದನ್ನು. ಭಾರತದಲ್ಲಿ ಅದು ಸುಮಾರು 18 ವರ್ಷ. ಇದೂ ಸರಾಸರಿಯೇ ಆದುದರಿಂದ ಅನೇಕರು ಎಂಬತ್ತೈದು, ತೊಂಬತ್ತನ್ನು ಮುಟ್ಟುತ್ತಾರೆ. ನಿವೃತ್ತಿಯೆಂಬುದು ಬದುಕಿನ ಬಾಲಂಗೋಚಿಯಲ್ಲ. ಶಾಲಾ ಕಾಲೇಜುಗಳ ವಿದ್ಯಾಭ್ಯಾಸಕ್ಕೆ ಹಿಡಿಯುವಷ್ಟು ಕಾಲ ಅದಕ್ಕೂ ಇದೆ.

ಅಷ್ಟು ಕಾಲ ಉಣ್ಣಲು ಹಣ ಬೇಕಷ್ಟೆ. ಇಲ್ಲಿ ಚಕ್ರಬಡ್ಡಿಯ ಒಂದು ಸುಲಭ ಸೂತ್ರವನ್ನು ನೆನಪಿಡಬೇಕು: 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ, ಹಣವು ಎಷ್ಟು ವರ್ಷದಲ್ಲಿ ಇಮ್ಮಡಿಯಾಗುತ್ತದೆಂದು ತಿಳಿಯುತ್ತದೆ. ಶೇಕಡಾ 7.2ರ ದರದಲ್ಲಿ ಹತ್ತು ವರ್ಷಕ್ಕೆ ಇಮ್ಮಡಿ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಇಟ್ಟ ಸಾವಿರ ರೂಪಾಯಿ ಐವತ್ತೈದಕ್ಕೆ ಮೂರು ಸಲ ಇಮ್ಮಡಿಸಿ ಎಂಟು ಸಾವಿರವಾಗುತ್ತದೆ. ನಲವತ್ತೈದರಲ್ಲಿ ಇಟ್ಟದ್ದು ಎರಡೇ ಸಾವಿರ. ಇದೇ ಸೂತ್ರ ನಮಗೆ ವಿರುದ್ಧವಾಗಿಯೂ ದುಡಿಯುತ್ತದೆ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಇಮ್ಮಡಿಯಾಗುತ್ತವೆ. ಅರವತ್ತರಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ದಿನಸಿಗೆ ಎಂಬತ್ತನಾಲ್ಕರಲ್ಲಿ ನಾನೂರು ರೂಪಾಯಿ ತೆರಬೇಕು. ವಿಶ್ರಾಂತಿ ವೇತನವು ಬೆಲೆಯೊಡನೆ ಏರದಿದ್ದರೆ ಅದು ಕಾಲುಭಾಗಕ್ಕೆ ಇಳಿದಂತೆಯೇ ಸರಿ. ಬೇಸಾಯಗಾರರು, ದರ್ಜಿಗಳು, ಸಣ್ಣ ಅಂಗಡಿಯವರು ಇವರಿಗಾದರೋ ನಿವೃತ್ತಿಯ ದಿನವೂ ಇಲ್ಲ, ವೇತನವೂ ಇಲ್ಲ. ನಮ್ಮ ದೇಶದಲ್ಲಿ ದುಡಿಯುವವರಲ್ಲಿ ಬಹುಪಾಲು ಇಂಥವರೇ. ಅವರ ಮಟ್ಟಿಗೆ ಕೈಕಾಲು ಗಟ್ಟಿಯಿರುವಾಗಿನ ಉಳಿತಾಯವೇ ಗತಿ, ಇಲ್ಲವೆ ಮಕ್ಕಳೇ ಗತಿ.

ಹಣವಿದ್ದ ಮಾತ್ರಕ್ಕೆ ಸುಖವಿದೆಯೆ? ನಿವೃತ್ತರಾದವರು ಬೇಗನೆ ಕುಗ್ಗುತ್ತಾರೆಂಬ ಮಾತನ್ನು ಕೇಳುತ್ತೇವೆ. ಇದನ್ನು ಒಪ್ಪುವ ಮುನ್ನ ಎಚ್ಚರ ಬೇಕು. ಮುಂಚಿತವಾಗಿ ಕೆಲಸ ಬಿಟ್ಟವರಲ್ಲಿ ಅನೇಕರು ಮೊದಲೇ ರೋಗಿಗಳಾಗಿರುತ್ತಾರೆ. ಅಲ್ಲಿ ರೋಗದಿಂದ ನಿವೃತ್ತಿ ಬಂದಿತೇ ಹೊರತು ನಿವೃತ್ತಿಯಿಂದ ರೋಗ ಬರಲಿಲ್ಲ. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಪರೀಕ್ಷಿಸುತ್ತ ಬಂದ ವೈಟ್‌ಹಾಲ್ ಅಧ್ಯಯನದ ಒಂದು ವರದಿ 2018ರಲ್ಲಿ ಪ್ರಕಟವಾಯಿತು. ನಿವೃತ್ತಿಗೆ ಹಿಂದೆಯೂ ಮುಂದೆಯೂ ಅದೇ ಜನರನ್ನು ಅಳೆದಾಗ, ಕೇಳಿದ ಪದಗಳನ್ನು ನೆನಪಿಟ್ಟು ಹೇಳುವ ಶಕ್ತಿಯು ನಿವೃತ್ತಿಯ ಅನಂತರ ಹೆಚ್ಚು ವೇಗವಾಗಿ ಇಳಿಯಿತೆಂದು ಅದು ಹೇಳುತ್ತದೆ. ಬಳಸದ ಬುದ್ಧಿ ಮಂಕಾಗುವುದೆಂಬ ಊಹೆಗೆ ಇದರಿಂದ ಬೆಂಬಲ ಸಿಕ್ಕಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1938ರಲ್ಲಿ ಆರಂಭವಾದ ಇನ್ನೊಂದು ದೀರ್ಘ ಅಧ್ಯಯನವು, ವಾರ್ಧಕ್ಯದ ನೆಮ್ಮದಿಗೂ ಆರೋಗ್ಯಕ್ಕೂ ಮನೆಯವರೊಡನೆ, ಸ್ನೇಹಿತರೊಡನೆ ಇರುವ ಒಳ್ಳೆಯ ಸಂಬಂಧಗಳಿಗೂ ನಿಕಟವಾದ ನಂಟನ್ನು ಕಂಡಿತು.

ಕಚೇರಿಯಿಂದ ಹೊರಬಂದವನು ಸಂಬಳದೊಡನೆ ಬೇರೆ ನಾಲ್ಕನ್ನೂ ಕಳೆದುಕೊಳ್ಳುತ್ತಾನೆ: ದಿನದ ಕ್ರಮ, ನಡೆದಾಟ, ಜೊತೆಗಾರರು, ‘ನನ್ನಿಂದ ಏನೋ ಆಗಬೇಕಾಗಿದೆ’ ಎಂಬ ಭಾವನೆ. ಸಂಬಳಕ್ಕೆ ಬದಲಾಗಿ ವಿಶ್ರಾಂತಿ ವೇತನ ಬರುತ್ತದೆ; ಈ ನಾಲ್ಕಕ್ಕೆ ಬದಲನ್ನು ಯಾವ ಸರ್ಕಾರವೂ ಕೊಡಲಾರದು. ಅದನ್ನು ಮುಂಚಿತವಾಗಿ ತಾನೇ ಸಿದ್ಧಮಾಡಿಕೊಂಡಿರಬೇಕು.

ಹೀಗೆ ಸಿದ್ಧರಾಗಿದ್ದವರು ನಮ್ಮಲ್ಲಿಯೇ ಇದ್ದರು. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾಗಿ, ಮರುವರ್ಷ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದರು. 1918ರಲ್ಲಿ ದಿವಾನಗಿರಿಯನ್ನು ಬಿಟ್ಟಾಗ ಅವರಿಗೆ ಇನ್ನೂ ಅರವತ್ತು ತುಂಬಿರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ಸರಿಪಡಿಸಿದುದು, 1934ರಲ್ಲಿ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದುದು ಎಲ್ಲವೂ ಆಮೇಲಿನ ಕೆಲಸ. ಅವರು ತೀರಿಕೊಂಡುದು 1962ರಲ್ಲಿ. ಮಾಸ್ತಿಯವರು 1943ರಲ್ಲಿ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗ ಅವರ ವಯಸ್ಸು ಐವತ್ತೆರಡು. ‘ಚಿಕವೀರ ರಾಜೇಂದ್ರ’ ಪ್ರಕಟವಾದುದು 1956ರಲ್ಲಿ. ಇವರು ಅಸಾಧಾರಣರು, ಇವರಿಂದ ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಮಾಡಬಾರದು, ನಿಜ. ಆದರೂ ಒಂದಂಶ ಗಮನಾರ್ಹವಾದುದು: ನಿವೃತ್ತಿಯ ಅನಂತರ ಇಬ್ಬರೂ ಹೊಸದಾಗಿ ಹವ್ಯಾಸವನ್ನು ಹುಡುಕಲು ಹೊರಡಲಿಲ್ಲ. ಎಂಜಿನಿಯರಿಂಗ್ ಮತ್ತು ಕೈಗಾರಿಕೆಯ ಚಿಂತನೆ ಒಬ್ಬರಿಗೆ, ಕಥೆ ಬರೆಯುವುದು ಇನ್ನೊಬ್ಬರಿಗೆ ಮೊದಲಿನಿಂದಲೂ ಕೈಹಿಡಿದಿತ್ತು.

ಹೀಗೆ ‘ಯಾವ ವಯಸ್ಸು?’ ಎಂಬ ಒಂದು ಪ್ರಶ್ನೆ ಮೂರಾಗಿ ಒಡೆಯುತ್ತದೆ. ಈ ಕೆಲಸವನ್ನು ನನ್ನ ದೇಹ ಇನ್ನೂ ಮಾಡಬಲ್ಲದೆ? ತೊಂಬತ್ತರವರೆಗೆ ಬದುಕಿದರೂ ಕೂಡಿಟ್ಟದ್ದು ಸಾಕಾದೀತೆ? ನಾಳೆ ಬೆಳಗ್ಗೆ ಎದ್ದು ಮಾಡಲು ಏನಾದರೂ ಇದೆಯೆ? ಮೂರಕ್ಕೂ ಉತ್ತರ ಸಿಕ್ಕವನು ಐವತ್ತೈದಕ್ಕೆ ಬಿಟ್ಟರೂ ತಪ್ಪಿಲ್ಲ, ಎಪ್ಪತ್ತರವರೆಗೆ ದುಡಿದರೂ ತಪ್ಪಿಲ್ಲ. ವಾಚಕ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಯಲ್ಲಿ ತಂದೆಯೋ ತಾಯಿಯೋ ಅಜ್ಜನೋ ಈಗ ನಿವೃತ್ತಿಯ ಅಂಚಿನಲ್ಲಿರಬಹುದು. ವೃತ್ತಪತ್ರಿಕೆಯ ಪ್ರಯೋಗ ಮುಗಿದ ಮೇಲೆ ಈ ಮೂರು ಪ್ರಶ್ನೆಗಳನ್ನೂ ಅವರ ಮುಂದಿಟ್ಟು, ಎರಡನೆಯದರ ಲೆಕ್ಕವನ್ನು ಅವರೊಡನೆ ಕುಳಿತು ಮಾಡಿರಿ. ಅದೇ ಕಾಗದದ ಹಿಂದೆ ನಿಮ್ಮ ಲೆಕ್ಕವನ್ನೂ ಆರಂಭಿಸಬಹುದು.