ಸಾಲ್ವಿಯಾ ಒಂದು ವರ್ಷದ ಗಿಡವೇ?

ಹುಬ್ಬಳ್ಳಿ-ಧಾರವಾಡದ ಬಂಗಲೆಗಳ ಮುಂದೆಯೂ ಕಚೇರಿ, ಶಾಲೆಗಳ ಅಂಗಳದಲ್ಲಿಯೂ ಚಳಿಗಾಲಕ್ಕೆ ಕೆಂಪಾಗಿ ಹೂತು ನಿಲ್ಲುವ ಸಾಲ್ವಿಯಾ ಗಿಡವನ್ನು ಕಾಣದವರು ವಿರಳ. ಬೇಸಿಗೆ ಬರುತ್ತಲೆ ಅದನ್ನು ಕಿತ್ತು ತಿಪ್ಪೆಗೆ ಎಸೆಯುವುದೂ, ಮರುವರ್ಷ ಹಣ ಕೊಟ್ಟು ಹೊಸ ಅಗಿ ತರುವುದೂ ರೂಢಿಯಾಗಿದೆ. ಈ ರೂಢಿ ಅವಶ್ಯವೇ ಎಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಾಲ್ವಿಯಾ ತುಳಸಿಯ ಕುಟುಂಬಕ್ಕೆ ಸೇರಿದುದು. ದಂಟನ್ನು ಬೆರಳಲ್ಲಿ ಹೊರಳಿಸಿ ನೋಡಿರಿ; ತುಳಸಿಯಂತೆ ನಾಲ್ಕು ಮೂಲೆ. ಎಲೆಗಳು ಎದುರುಬದುರು, ಹೂವಿಗೆ ಎರಡು ತುಟಿ. ಜಗತ್ತಿನಲ್ಲಿ ಇದರ ಬಗೆಗಳು ಸುಮಾರು 1000. ಹೆಸರು, ‘ಗುಣಪಡಿಸು’ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ಯುರೋಪಿನ ಒಂದು ಸಾಲ್ವಿಯಾ ಅಲ್ಲಿಯ ಮನೆಮದ್ದೂ ಅಡಿಗೆಯ ಸೊಪ್ಪೂ ಹೌದು. ನಮ್ಮ ಕೆಂಪು ಸಾಲ್ವಿಯಾ ಮಾತ್ರ ಬ್ರೆಝಿಲ್ ದೇಶದ್ದು. ತನ್ನ ನಾಡಿನಲ್ಲಿ ಅದು ಹಲವು ವರ್ಷ ಬಾಳುವ ಗಿಡ. ಯುರೋಪಿನ ಹಿಮ ಅದನ್ನು ಕೊಲ್ಲುವುದರಿಂದ ಅಲ್ಲಿಯ ತೋಟಗಾರರು ಒಂದೇ ವರ್ಷಕ್ಕೆಂದು ಬೆಳೆಸಿದರು. ಪುಸ್ತಕಗಳು ಹಾಗೆಯೇ ಬರೆದವು. ಹಿಮವನ್ನೇ ಕಾಣದ ನಾವೂ ಹಾಗೆಯೇ ನಂಬಿದೆವು.

ಇಲ್ಲಿ ಅದರ ದೊಡ್ಡ ವೈರಿ ನಿಂತ ನೀರು. ಧಾರವಾಡದ ಪಡುವಲಿಗೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಮೂಡಲಿಗೆ ಎರೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರನ್ನು ಕೊಳೆಯಿಸುತ್ತದೆ. ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಒಕ್ಕಲುತನದ ಮನೆಯವನಾದ ನನಗೆ ಇದು ಪುಸ್ತಕದಿಂದ ತಿಳಿದ ಮಾತಲ್ಲ. ಆದುದರಿಂದ ಎರೆಯಲ್ಲಿ ಮಡಿಯನ್ನು ಗೇಣೆತ್ತರ ಏರಿಸಿ ಮರಳು, ಕೆಂಪು ಮಣ್ಣು, ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಮುಂಜಾನೆಯ ಬಿಸಿಲೂ ಮಧ್ಯಾಹ್ನದ ನೆರಳೂ ಇರುವ ಸ್ಥಳ ಉತ್ತಮ. ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರವಿರಲಿ.

ಹೂವಿನ ತೆನೆ ಬಾಡಿದೊಡನೆ ಚಿವುಟಿರಿ. ಬೀಜಕ್ಕೆ ವ್ಯಯವಾಗುವ ಶಕ್ತಿ ಹೊಸ ತೆನೆಗೆ ದೊರೆಯುತ್ತದೆ. ಫೆಬ್ರುವರಿ ಕೊನೆಗೆ ಗಿಡದ ಮೇಲಿನ ಮೂರರಲ್ಲೊಂದು ಪಾಲನ್ನು ಕತ್ತರಿಸಿ, ಬುಡಕ್ಕೆ ಒಣ ಎಲೆ ಹೊದಿಸಿರಿ. ತೇವ ಬಹಳ ದಿನ ಉಳಿಯುತ್ತದೆ. ನೀರನ್ನು ಅಳೆದು ಬಳಸುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಮುಂಗಾರು ಬೀಳುತ್ತಲೆ ಗಿಡ ಮತ್ತೆ ಚಿಗುರುತ್ತದೆ. ಎರಡು ಮೂರು ವರ್ಷಗಳಲ್ಲಿ ದಂಟು ಕಟ್ಟಿಗೆಯಂತಾಗಿ ಹೂವು ಕಡಿಮೆಯಾದರೆ, ಮಳೆಗಾಲದಲ್ಲಿ ಹೂವಿಲ್ಲದ ತುದಿಗಳನ್ನು ನಾಲ್ಕು ಅಂಗುಲ ಕತ್ತರಿಸಿ, ಕೆಳಗಿನ ಎಲೆ ತೆಗೆದು, ನೆರಳಿನಲ್ಲಿ ಹಸಿ ಮರಳಿಗೆ ಊರಿರಿ. ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುತ್ತವೆ. ಹೊಸ ಅಗಿಗೆ ಹಣ ಬೇಕಿಲ್ಲ.

ನಮ್ಮ ತಂಡ ಈ ವರ್ಷ ಕಾಲೇಜು ಬಿಡುತ್ತದೆ. ಅಂಗಳದ ಸಾಲ್ವಿಯಾದ ಒಂದು ಸಾಲನ್ನಾದರೂ ಕೀಳಿಸದೆ ಕತ್ತರಿಸಿ ಉಳಿಸಬೇಕೆಂದು ಗುರುಗಳಲ್ಲಿ ಬಿನ್ನವಿಸುತ್ತೇನೆ. ಬರುವ ದೀಪಾವಳಿಗೆ ಆ ಸಾಲು ಹೂತಿತೋ ಇಲ್ಲವೋ ಎಂಬುದನ್ನು ಕಿರಿಯ ಮಿತ್ರರು ಕಣ್ಣಾರೆ ನೋಡಿ, ಮುಂದಿನ ಸಂಚಿಕೆಯಲ್ಲಿ ಬರೆಯಲಿ.