ಆಳಂದದ ರಾಮಯ್ಯನಿಂದ ಶುರುಮಾಡೋಣ

ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳಲ್ಲಿ ಬಿ.ಎ.ಗೆ ಹೆಸರು ಹಚ್ಚಿದ ಮಕ್ಕಳು ಊರಿಗೆ ಹೋದರೆ ಕಾದಿರುವ ಪ್ರಶ್ನೆ ಒಂದೇ: "ಆರ್ಟ್ಸ್ ತೊಗೊಂಡು ಏನ್ ಮಾಡ್ತಿ?" ಕೇಳುವವರು ಮಳೆ ಮತ್ತು ತೊಗರಿ ರೇಟನ್ನು ನಂಬಿ ಮನೆ ನಡೆಸುವವರು. ಅವರ ಚಿಂತೆ ನಿಜವಾದದ್ದು, ಅದಕ್ಕೆ ಮರ್ಯಾದೆಯ ಉತ್ತರ ಸಿಗಬೇಕು. ಮೊದಲು, ಈ ಓದಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡೋಣ.

ಹನ್ನೆರಡನೆಯ ಶತಮಾನದಲ್ಲಿ ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯ ಎಂಬ ಶಿವಭಕ್ತ ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಹೋಗಿ ಜೈನರೊಂದಿಗೆ ವಾದಕ್ಕಿಳಿದ. ಪಣಕ್ಕೆ ತನ್ನ ತಲೆಯನ್ನೇ ಅರಿದಿಟ್ಟು ಏಳು ದಿನದ ಮೇಲೆ ಮರಳಿ ಪಡೆದನೆಂದೂ, ಕೊನೆಗೆ ಅರಸ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟನೆಂದೂ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನ ಹೇಳುತ್ತದೆ. ಅದರ ಕಾಲ ಸುಮಾರು 1200. ಗುಡಿಯಲ್ಲಿ ಈ ಕಥೆಯ ಶಿಲ್ಪಗಳೂ ಇವೆ. ಹರಿಹರ ಇದೇ ರಾಮಯ್ಯನ ಮೇಲೆ ರಗಳೆ ಬರೆದಿದ್ದಾನೆ.

ಇಂಥದ್ದನ್ನು ಕೇಳಿ ಕೈ ಮುಗಿಯಬಹುದು, ನಕ್ಕು ಬಿಡಲೂಬಹುದು. ಬಿ.ಎ. ವಿದ್ಯಾರ್ಥಿನಿ ಎರಡಕ್ಕೂ ಮೊದಲು ಕೇಳಬೇಕಾದ್ದು ಬೇರೆ: ಕಲ್ಲಿನ ಮೇಲೆ ಇದನ್ನು ಬರೆಸಿದವರು ಯಾರು, ಯಾಕೆ ಬರೆಸಿದರು? ಶಾಸನ ಗುಡಿಗೆ ಬಂದ ದತ್ತಿಯನ್ನೂ ದಾಖಲಿಸುತ್ತದೆ. ಅದು ಗೆದ್ದವರ ಕಡೆಯ ಮಾತು. ಸೋತವರು ಬರೆಸಿದ್ದರೆ ಕಥೆ ಹೇಗಿರುತ್ತಿತ್ತು? ಇದು ಇತಿಹಾಸದ ಪ್ರಶ್ನೆ. ಅದೇ ಘಟನೆ ರಗಳೆಯ ಓಟಕ್ಕೆ ಸಿಕ್ಕಾಗ ಭಕ್ತಿಗೆ ಎಂಥ ಕಾವು ಬರುತ್ತದೆ ಎಂಬುದನ್ನು ಐಚ್ಛಿಕ ಕನ್ನಡದಲ್ಲಿ ಕಲಿಯುತ್ತೀರಿ. ಎರಡು ಧರ್ಮಗಳ ಜಗಳದಲ್ಲಿ ಅರಸ ನ್ಯಾಯ ಹೇಳಲು ಕುಳಿತರೆ ಏನಾಗುತ್ತದೆಂದು ರಾಜ್ಯಶಾಸ್ತ್ರ ಕೇಳುತ್ತದೆ.

ನನಗೆ ಬಹಳ ಪ್ರಿಯವಾದ ಪಾಠ ಮುಂದಿದೆ. ಶಾಸನವನ್ನು ಪ್ರಕಟಿಸಿದ ವಿದ್ವಾಂಸ ಜೆ.ಎಫ್. ಫ್ಲೀಟ್, ಅದರಲ್ಲಿ ಬಸವಣ್ಣನವರ ಹೆಸರಿಲ್ಲದ್ದನ್ನು ಕಂಡು, ಆ ಕಾಲದ ಶೈವ ಚಳವಳಿಗೆ ರಾಮಯ್ಯನೇ ಮುಖ್ಯ ಪುರುಷನಿರಬೇಕೆಂದು ವಾದಿಸಿದರು. ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣನವರ ಹೆಸರು ಸಿಕ್ಕಿತು. ಫ್ಲೀಟರನ್ನು ಇದಕ್ಕಾಗಿ ಹಗುರ ಮಾಡಬೇಡಿ. ಕೈಯಲ್ಲಿದ್ದ ಆಧಾರ ಹಿಡಿದು ಮಾತಾಡಿದರು, ಹೊಸ ಆಧಾರ ಬಂದಾಗ ಉಳಿದವರು ತಿದ್ದಿದರು. ಫೋನಿಗೆ ಬರುವ ಪ್ರತಿಯೊಂದು ಇತಿಹಾಸವನ್ನೂ ಮುಂದಕ್ಕೆ ಕಳಿಸುವ ಈ ಕಾಲದಲ್ಲಿ, ಹೀಗೆ ತಡೆದು ನೋಡುವ ಅಭ್ಯಾಸಕ್ಕಿಂತ ದೊಡ್ಡ ಸಂಪಾದನೆ ನನಗೆ ಕಾಣುವುದಿಲ್ಲ.

ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಬನ್ನಿ. ಅಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರ ಚರಿತ್ರೆಯನ್ನು ಹೇಳುವ ಗುರುಚರಿತ್ರೆ ಮರಾಠಿಯಲ್ಲಿದೆ. ಭೀಮೆಯ ದಂಡೆಯಲ್ಲಿ ಒಂದೇ ಭಾಷೆ ಬಲ್ಲವರಿಗೆ ತಮ್ಮ ಊರು ಅರ್ಧವೇ ತಿಳಿಯುತ್ತದೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಸೀಮೆ ಇದು. ಆಗಿನ ಸರ್ಕಾರಿ ಕಾಗದ ಓದಲು ಉರ್ದು ಬೇಕು.

ಈಗ ಹೊಟ್ಟೆಪಾಡಿನ ಮಾತು. ಪದವಿ ಕೈಗೆ ಬಂದ ಕೂಡಲೇ ನೌಕರಿ ಸಿಗುತ್ತದೆಂದು ಹೇಳಿ ನಿಮ್ಮನ್ನು ನಂಬಿಸಲಾರೆ. ಬಿ.ಇಡಿ., ಕಾನೂನು, ಪತ್ರಿಕೋದ್ಯಮ, ಎಂ.ಎ. ದಾರಿಗಳಿವೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಕೆ.ಎ.ಎಸ್. ಪರೀಕ್ಷೆ ಕೇಳುವ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ ನಿಮ್ಮ ದಿನನಿತ್ಯದ ಪಾಠ. ನಮ್ಮ ಭಾಗಕ್ಕೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371ಜೆ ವಿಧಿಯನ್ನು ಸರ್ಟಿಫಿಕೇಟಿಗಾಗಿ ಎಲ್ಲರೂ ಬಲ್ಲರು. ಅದು ಯಾಕೆ ಬೇಕಾಯಿತೆಂದು ಬಲ್ಲವರು ನೀವಾಗಬೇಕು.

ಮೊದಲ ಸೆಮಿಸ್ಟರಿಗೆ ಒಂದು ಕೆಲಸ ಕೊಡುತ್ತೇನೆ. ಕಡಕೋಳ ಮಡಿವಾಳಪ್ಪನವರೂ ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರೂ ಜೇವರ್ಗಿ ಸೀಮೆಯ ತತ್ವಪದಕಾರರು. ಅವರ ಪದಗಳು ಭಜನೆಯಲ್ಲಿ ಬಾಯಿಂದ ಬಾಯಿಗೆ ಬಂದಿವೆ, ಊರಿಂದ ಊರಿಗೆ ಮಾತು ಬದಲಾಗಿವೆ. ನಿಮ್ಮೂರಿನ ಹಾಡುವ ಹಿರಿಯರ ಹತ್ತಿರ ಕುಳಿತು, ಒಪ್ಪಿಗೆ ಕೇಳಿ, ಒಂದು ಪದ ಬರೆದುಕೊಳ್ಳಿ. ಯಾರಿಂದ ಕಲಿತರೆಂದು ಕೇಳಿ, ತಾರೀಖು ಹಾಕಿ. ಅಚ್ಚಾದ ಪಾಠದೊಂದಿಗೆ ಹೋಲಿಸಿ, ಎಲ್ಲೆಲ್ಲಿ ಬೇರೆಯಾಗಿದೆಯೋ ಅಲ್ಲಿ ಗೆರೆ ಎಳೆಯಿರಿ. ತಪ್ಪೆಂದು ಮಾತ್ರ ಬರೆಯಬೇಡಿ; ಯಾಕೆ ಹಾಗೆ ಹಾಡುತ್ತಾರೆಂದು ಬರೆದು ತನ್ನಿರಿ.