ಹೊರಗಿಣ್ಣಿನ ಹಿಂದಿನ ನೋವು: ಸಿದ್ದಾಪುರದ ಕಬಡ್ಡಿ ಹುಡುಗನಿಗೆ

ಪ್ರೀತಿಯ ತಮ್ಮಾ,

ರೇಡ್ ಮುಗಿಸಿ ಹೊರಳುವಾಗ ಕಾಲು ಮಡಚಿತು, ವಾರಗಳು ಕಳೆದರೂ ಹೊರಗಿಣ್ಣಿನ ಹಿಂದೆ ‘ನರ ಜಿಗಿದಂಗಾಗತೈತಿ’ ಎಂದು ಹೇಳಿಕಳಿಸಿದ್ದೀಯ. ಎಣ್ಣೆ ಹಚ್ಚಿ ತಿಕ್ಕಿಸಿ, ಪಟ್ಟಿ ಬಿಗಿದು ಮತ್ತೆ ಅಂಕಣಕ್ಕೆ ಇಳಿದೆಯಂತೆ. ಆ ತಿಕ್ಕುವುದನ್ನೂ ಆಟವನ್ನೂ ಇವತ್ತೇ ನಿಲ್ಲಿಸು. ಕಾರಣ ಹೇಳುತ್ತೇನೆ, ಸಮಾಧಾನದಿಂದ ಓದು.

ಅಲ್ಲಿ ಜಿಗಿಯುವುದು ನರವಲ್ಲ, ಸ್ನಾಯುರಜ್ಜು. ಮೊಣಕಾಲ ಕೆಳಗಿನ ಹೊರಮಗ್ಗುಲಿನಿಂದ ಎರಡು ರಜ್ಜುಗಳು ಇಳಿದು ಹೊರಗಿಣ್ಣಿನ ಹಿಂದಿನ ತೋಡಿನಲ್ಲಿ ಹಾಯುತ್ತವೆ. ವೈದ್ಯರು ಅವಕ್ಕೆ ಪೆರೋನಿಯಸ್ ಬ್ರೆವಿಸ್, ಪೆರೋನಿಯಸ್ ಲಾಂಗಸ್ ಎನ್ನುತ್ತಾರೆ. ಮೊದಲನೆಯದು ಕಿರುಬೆರಳ ಸಾಲಿನ ಎಲುಬಿನ ಬುಡಕ್ಕೆ ಅಂಟುತ್ತದೆ. ಎರಡನೆಯದು ಅಂಗಾಲಿನಡಿ ಅಡ್ಡಹಾದು ಹೆಬ್ಬೆರಳ ಕಡೆಗೆ ಸೇರುತ್ತದೆ. ಪಾದ ಒಳಕ್ಕೆ ಮಡಚಿಕೊಳ್ಳದಂತೆ ಹಿಡಿಯುವ ಶಕ್ತಿ ಇವೆರಡರದು. ತೋಡಿನ ಮೇಲೆ ಒಂದು ಗಟ್ಟಿ ಪಟ್ಟಿ ಇರುತ್ತದೆ. ನಮ್ಮ ಎಡದಂಡೆ ಕಾಲುವೆಯ ಒಡ್ಡು ಒಡೆದರೆ ನೀರು ಹೊಲಕ್ಕೆ ನುಗ್ಗುವಂತೆ, ಆ ಪಟ್ಟಿ ಹರಿದರೆ ರಜ್ಜು ತೋಡು ಬಿಟ್ಟು ಗಿಣ್ಣಿನ ಮೇಲಕ್ಕೆ ಜಾರುತ್ತದೆ. ಇಟಲಿಯ ಶಸ್ತ್ರವೈದ್ಯ ಮೊಂಟೆಜ್ಜಾ ಇದನ್ನು ಬ್ಯಾಲೆ ಕುಣಿತಗಾರರೊಬ್ಬರಲ್ಲಿ ಕಂಡು ಬರೆದದ್ದು 1803ರಲ್ಲಿ. ಮುಂಗಾಲ ಮೇಲೆ ಭಾರ ಹಾಕಿ ಗಕ್ಕನೆ ತಡೆದು ತಿರುಗುವ ಆಟ ನಿನ್ನದು. ಕುಣಿತಕ್ಕಿಂತ ಅಪಾಯ ಇದರಲ್ಲಿ ಕಡಿಮೆ ಇಲ್ಲ.

ಸಾಮಾನ್ಯ ಉಳುಕಿನಲ್ಲಿ ಗಿಣ್ಣಿನ ಮುಂದೆ, ಕೆಳಗೆ ಇರುವ ಲಿಗಮೆಂಟ್ ನೋಯುತ್ತದೆ. ಗಿಣ್ಣಿನ ಹಿಂದೆ ನೋವು, ಊತ, ಪಾದವನ್ನು ಹೊರಕ್ಕೆ ತಿರುಗಿಸಿದಾಗ ಜಿಗಿತ ಇದ್ದರೆ ರಜ್ಜುವನ್ನು ಪರೀಕ್ಷಿಸಲೇಬೇಕು. ಬ್ರೆವಿಸ್ ರಜ್ಜು ಎಲುಬಿಗೂ ಲಾಂಗಸ್‌ಗೂ ನಡುವೆ ಸಿಕ್ಕಿ ಉದ್ದುದ್ದ ಸೀಳುವುದೂ ಉಂಟು. ಸೀಳಿದ್ದನ್ನು ಜೋರಾಗಿ ತಿಕ್ಕಿದರೆ ಅದು ಕೂಡಿಕೊಳ್ಳುವುದಿಲ್ಲ, ಇನ್ನಷ್ಟು ಕೆರಳುತ್ತದೆ. ಎಕ್ಸ್‌ರೇಯಲ್ಲಿ ರಜ್ಜು ಕಾಣುವುದಿಲ್ಲ. ಅದು ‘ನಾರ್ಮಲ್’ ಬಂತೆಂದು ನಿಶ್ಚಿಂತನಾಗಬೇಡ. ಪಾದ ಆಡಿಸುತ್ತ ಮಾಡುವ ಅಲ್ಟ್ರಾಸೌಂಡಿನಲ್ಲಿ ಜಾರುವಿಕೆ ಕಣ್ಣಿಗೇ ಬೀಳುತ್ತದೆ; ಸೀಳು ನೋಡಲು ಎಂಆರ್‌ಐ ಬೇಕಾಗಬಹುದು. ಹಾಗಂತ ಎಕ್ಸ್‌ರೇ ಬೇಡವೆಂದಲ್ಲ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಗಿಣ್ಣಿನ ಹಿಂದಂಚಿನ ಎಲುಬನ್ನೋ ಕಿರುಬೆರಳ ಸಾಲಿನ ಬುಡವನ್ನೋ ಒತ್ತಿದಾಗ ಜೀವ ಹೋದಂತಾದರೆ ಅದು ಮೊದಲು ಆಗಬೇಕು. ಬ್ರೆವಿಸ್ ಸೆಳೆದ ರಭಸಕ್ಕೆ ಎಲುಬಿನ ಚೂರು ಕಿತ್ತುಬಂದಿರಬಹುದು.

ಇನ್ನು ನಿಜವಾದ ನರದ ಮಾತು. ಗಿಣ್ಣಿನ ಹಿಂದೆ, ರಜ್ಜುಗಳ ಹತ್ತಿರವೇ ಸೂರಲ್ ನರ ಇಳಿಯುತ್ತದೆ. ಅದು ಜಗ್ಗಿದರೆ, ಇಲ್ಲವೇ ನೀನು ಬಿಗಿದ ಪಟ್ಟಿಯಡಿ ಒತ್ತಿದರೆ, ಪಾದದ ಹೊರ ಅಂಚು, ಕಿರುಬೆರಳು ಜೋಮು ಹಿಡಿದು ಚುರುಗುಟ್ಟುತ್ತವೆ. ಪಟ್ಟಿ ಸಡಿಲಿಸು. ಪಾದವನ್ನು ಮೇಲಕ್ಕೆತ್ತಲಾಗದೆ ಬೆರಳು ನೆಲಕ್ಕೆ ತಾಗುತ್ತಿದ್ದರೆ ಸಂಗತಿ ಬೇರೆ: ಮೊಣಕಾಲ ಹೊರಬದಿಯಲ್ಲಿ, ಚರ್ಮದ ಕೆಳಗೇ ಎಲುಬಿಗೆ ಸುತ್ತಿಬರುವ ಪೆರೋನಿಯಲ್ ನರ ಸೋತಿರಬಹುದು. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಹೊಲದಲ್ಲಿ ಕೆಲಸ ಮಾಡುವವರಿಗೂ ಹೀಗಾಗುತ್ತದೆ. ನಿಮ್ಮ ಅವ್ವನಿಗೂ ಇದನ್ನು ಓದಿ ಹೇಳು. ಪಾದ ಸೋತದ್ದರ ಜೊತೆಗೆ ಸ್ಪರ್ಶ ತಿಳಿಯದ ಮಾಸಲು ಮಚ್ಚೆ ಇದ್ದರೆ ಅದು ಕುಷ್ಠರೋಗವೂ ಇರಬಹುದು. ನಾಚಿಕೆಪಟ್ಟು ಮುಚ್ಚಿಡುವಂಥದ್ದೇನಲ್ಲ; ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧ ಇದೆ, ವಾಸಿಯಾಗುತ್ತದೆ. ತಡಮಾಡಿದರೆ ನರ ಮಾತ್ರ ಹಿಂದಿನಂತಾಗದೆ ಉಳಿಯಬಹುದು.

ಜಾರುವ ರಜ್ಜುವಿಗೆ ಆರಂಭದಲ್ಲೇ ಸುಮಾರು ಆರು ವಾರ ಪ್ಲಾಸ್ಟರ್ ಹಾಕಿ ನೋಡುವುದುಂಟು. ಅದರಿಂದ ಎಲ್ಲರಿಗೂ ಗುಣವಾಗುವುದಿಲ್ಲ. ಅನೇಕರಿಗೆ, ಅದರಲ್ಲೂ ಆಟಗಾರರಿಗೆ, ತೋಡಿನ ಮೇಲಿನ ಹರಿದ ಪಟ್ಟಿ ಹೊಲಿದು, ಬೇಕಾದರೆ ತೋಡು ಆಳಮಾಡುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬೇಗ ಆಡಲು ಸ್ಟೀರಾಯ್ಡ್ ಸೂಜಿ ಹಾಕಿಸಿಕೊ ಎಂದು ಗೆಳೆಯರು ಹೇಳಿದರೆ ಒಪ್ಪಬೇಡ. ರಜ್ಜುವನ್ನು ಅದು ದುರ್ಬಲಗೊಳಿಸಬಲ್ಲದು. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಗುಳಿಗೆಗಳೂ ರಜ್ಜುವಿಗೆ ಹಾನಿ ಮಾಡಬಲ್ಲವು. ಜ್ವರಕ್ಕೆಂದು ಅಂಗಡಿಯಲ್ಲಿ ಕೇಳಿ ನುಂಗಬೇಡ. ನೋವು ಇಳಿದ ಮೇಲೆ ವೈದ್ಯರು ಒಪ್ಪಿದರೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಪಾದಕ್ಕೆ ಹಾಕಿ ಹೊರಕ್ಕೆ ಎಳೆ, ಒಂಟಿಗಾಲಲ್ಲಿ ನಿಲ್ಲುವುದನ್ನು ರೂಢಿಸಿಕೊ. ಒಂಟಿಗಾಲಲ್ಲಿ ಜಿಗಿದು ನೋವಿಲ್ಲದೆ ಇಳಿಯುವವರೆಗೆ ಅಂಕಣದ ಗೆರೆ ದಾಟಬೇಡ.

ನಾಟಿ ಮುಗಿಯಲಿ, ಪಂದ್ಯಾವಳಿ ಮುಗಿಯಲಿ ಎಂದು ಮುಂದೂಡುವುದು ನಮ್ಮ ಕಡೆಯ ಹಳೇ ರೋಗ. ಕಾರಟಗಿಯ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರು ಕೂಲಿ ತಪ್ಪೀತೆಂದು ಕುಂಟುತ್ತಲೇ ದುಡಿಯುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಸಂಕಟವೂ ಆಗುತ್ತದೆ. ನಿನಗೆ ಆ ಒತ್ತಡವಿಲ್ಲ. ಈ ವಾರವೇ ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಹೋಗು, ಅಲ್ಲಿಂದ ಕಳಿಸಿದರೆ ಕೊಪ್ಪಳದ ವೈದ್ಯಕೀಯ ಕಾಲೇಜಿನ ಎಲುಬು-ಕೀಲು ವಿಭಾಗಕ್ಕೆ. ಜಿಗಿತವನ್ನು ವೈದ್ಯರ ಮುಂದೆ ಮಾಡಿ ತೋರಿಸು. ದಿನಾ ಮೆಟ್ಟುವ ಚಪ್ಪಲಿಯನ್ನೂ ಒಯ್ಯಿ. ಹಿಮ್ಮಡಿಯ ಹೊರ ಅಂಚು ಸವೆದಿದ್ದರೆ ನಿನ್ನ ಪಾದ ಹೊರಗಡೆಗೆ ಭಾರ ಹಾಕುತ್ತಿದೆಯೆಂದು ಅವರಿಗೆ ಸುಳಿವು ಸಿಗುತ್ತದೆ.

ಇಂತಿ ನಿನ್ನ
ಮಾಮ